ಕಡಲ ತೀರದಲ್ಲಿ ನಾಲ್ಕು ರಾತ್ರಿ: ನಿದ್ದೆ, ನಕ್ಷತ್ರ, ಒಂದು ಫೋಟೊ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಕೆಲವರು ಬಸ್ಸಲ್ಲಿ ಕೂತು ಕೇಳ್ತಿರ್ತೀರಿ, ಕೆಲವರು ಮೆಟ್ರೋದಲ್ಲಿ ನಿಂತು, ಇನ್ನು ಕೆಲವರು ರಾತ್ರಿ ಲೈಟ್ ಆಫ್ ಮಾಡಿ ಮಲಗಿಕೊಂಡು. ಇವತ್ತಿನ ಎಪಿಸೋಡ್‌ಗೆ ಆ ಮೂರನೆಯವರೇ ಸರಿಯಾದ ಕೇಳುಗರು.

ಕಳೆದ ಕೆಲವು ವಾರಗಳಿಂದ ನನಗೆ ಎರಡು ಥರದ ಮೆಸೇಜ್ ಬರ್ತಾ ಇವೆ. ಒಂದು: "ಫ್ರೆಂಡ್ಸ್ ಎಲ್ಲ ಸೇರಿ ಗೋಕರ್ಣ ಕಡೆ ಹೋಗ್ತಿದ್ದೀವಿ, ಮೊಬೈಲ್‌ನಲ್ಲಿ ಮಿಲ್ಕಿ ವೇ ಫೋಟೊ ತೆಗೀಬಹುದಾ?" ಇನ್ನೊಂದು: "ಮೂರು ದಿನ ರಜೆ ಹಾಕಿ ಬೀಚ್‌ಗೆ ಹೋಗಿ ಬಂದೆ, ಸೋಮವಾರ ಆಫೀಸಿಗೆ ಹೋದಾಗ ಮೊದಲಿಗಿಂತ ಜಾಸ್ತಿ ಸುಸ್ತು." ಈ ಎರಡು ಮೆಸೇಜ್‌ಗೂ ಸಂಬಂಧವೇ ಇಲ್ಲ ಅನ್ನಿಸುತ್ತೆ ಅಲ್ವಾ? ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ. ಕತ್ತಲೆ. ನಕ್ಷತ್ರದ ಫೋಟೊಗೆ ಬೇಕಾಗಿರೋದೂ ಅದೇ, ಒಳ್ಳೆ ನಿದ್ದೆಗೆ ಬೇಕಾಗಿರೋದೂ ಅದೇ. ನಮ್ಮ ಕರಾವಳಿಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿರೋದೂ ಅದೇ.

ಹಾಗಾಗಿ ಇವತ್ತು ನಾಲ್ಕು ರಾತ್ರಿಯ ಒಂದು ಕರಾವಳಿ ರಜೆಯನ್ನು ಹೇಗೆ ಪ್ಲಾನ್ ಮಾಡೋದು ಅಂತ ಹೇಳ್ತೀನಿ. ಯಾವ ತಿಂಗಳು, ಯಾವ ವಾರ, ಫೋನ್‌ನಲ್ಲಿ ಏನು ಸೆಟ್ಟಿಂಗ್, ಎಲ್ಲಿ ಹುಷಾರಾಗಿರಬೇಕು, ಎಲ್ಲ. ಕೊನೆಯಲ್ಲಿ ನಿಮ್ಮ ಹತ್ರ ಒಂದು ಸಣ್ಣ ಕೆಲಸ ಮಾಡಿಸ್ತೀನಿ. ಅದಕ್ಕೆ ದುಡ್ಡು ಬೇಡ.

ಕರಾವಳಿಯೇ ಯಾಕೆ?

2016ರಲ್ಲಿ ವಿಜ್ಞಾನಿಗಳು ಇಡೀ ಪ್ರಪಂಚದ ರಾತ್ರಿ ಬೆಳಕಿನ ನಕ್ಷೆ ಒಂದನ್ನು ಪ್ರಕಟಿಸಿದರು. ಅದರ ಪ್ರಕಾರ ಪ್ರಪಂಚದ ಶೇ. 80ಕ್ಕಿಂತ ಹೆಚ್ಚು ಜನ ಕೃತಕ ಬೆಳಕಿನಿಂದ ಮಂಕಾದ ಆಕಾಶದ ಕೆಳಗೆ ಬದುಕ್ತಿದ್ದಾರೆ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅವರಿರುವ ಜಾಗದಿಂದ ಕ್ಷೀರಪಥ, ಅಂದ್ರೆ ನಮ್ಮ ಆಕಾಶಗಂಗೆ, ಕಾಣೋದೇ ಇಲ್ಲ. ಬೆಂಗಳೂರಲ್ಲಿ ಟೆರೇಸ್ ಮೇಲೆ ನಿಂತು ನೋಡಿ. ಕಿತ್ತಳೆ ಬಣ್ಣದ ಮೋಡ, ನಾಲ್ಕಾರು ನಕ್ಷತ್ರ, ಒಂದು ವಿಮಾನ. ಅಷ್ಟೇ.

ಈಗ ನಮ್ಮ ಕರಾವಳಿಯ ನಕ್ಷೆ ಮನಸ್ಸಲ್ಲಿ ತಂದುಕೊಳ್ಳಿ. ಕಾರವಾರದಿಂದ ಮಂಗಳೂರಿನ ತನಕ ಉದ್ದಕ್ಕೆ ಒಂದು ಗೆರೆ. ಪೂರ್ವಕ್ಕೆ ಊರುಗಳು, ರಾಷ್ಟ್ರೀಯ ಹೆದ್ದಾರಿ 66, ಅದರ ಹಿಂದೆ ಘಟ್ಟ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಸಮುದ್ರದಲ್ಲಿ ಬೀದಿದೀಪ ಇಲ್ಲ, ಅಪಾರ್ಟ್‌ಮೆಂಟ್ ಇಲ್ಲ. ಅಂದ್ರೆ ತೀರದಲ್ಲಿ ನಿಂತವನಿಗೆ ಆಕಾಶದ ಅರ್ಧ ಭಾಗ ಫ್ರೀಯಾಗಿ ಕತ್ತಲೆ ಸಿಗುತ್ತೆ. ಒಳನಾಡಿನಲ್ಲಿ ಈ ಅನುಕೂಲ ಬೇಕಂದ್ರೆ ಊರಿಂದ ತುಂಬಾ ದೂರ ಹೋಗಬೇಕು.

ಹಾಗಂತ ಎಲ್ಲ ಬೀಚ್‌ಗಳೂ ಒಂದೇ ಅಲ್ಲ. ಮಂಗಳೂರು ಮತ್ತು ಉಡುಪಿ-ಮಲ್ಪೆ ಸುತ್ತ ಬೆಳಕು ಜಾಸ್ತಿ. ಮರವಂತೆ ನೋಡೋಕೆ ಅದ್ಭುತ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯದಲ್ಲಿ ಹೆದ್ದಾರಿ. ಆದರೆ ರಾತ್ರಿ ಫೋಟೊಗೆ ಆ ಹೆದ್ದಾರಿಯೇ ಕಷ್ಟ. ಇಪ್ಪತ್ತು ಸೆಕೆಂಡು ಶಟರ್ ತೆರೆದಿಟ್ರೆ ಯಾವುದಾದ್ರೂ ಲಾರಿಯ ಹೆಡ್‌ಲೈಟ್ ಬಂದೇ ಬರುತ್ತೆ. ಕುಮಟಾ, ಗೋಕರ್ಣ, ಹೊನ್ನಾವರದ ಕಡೆ ಹೋದ್ರೆ ಗುಡ್ಡಗಳು ಸಮುದ್ರದವರೆಗೂ ಬಂದು ನಿಲ್ಲುತ್ತವೆ. ಎರಡು ಗುಡ್ಡದ ನಡುವಿನ ಸಣ್ಣ ಬೀಚ್‌ಗೆ ಊರಿನ ಬೆಳಕು ನೇರವಾಗಿ ಬೀಳಲ್ಲ. ಹಾಗಾಗಿ ನಾನು ಆ ಕಡೆಯೇ ರೂಮ್ ಹುಡುಕಿ ಅಂತೀನಿ.

ಹೋಗೋದಕ್ಕೆ ಬೆಂಗಳೂರಿಂದ ಕಾರವಾರಕ್ಕೆ ರಾತ್ರಿ ಓಡೋ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಕುಂದಾಪುರ, ಕುಮಟಾ, ಗೋಕರ್ಣ ರೋಡ್ ಎಲ್ಲ ಅದೇ ದಾರಿ. ರಾತ್ರಿಯಿಡೀ ಕಾರ್ ಓಡಿಸಿಕೊಂಡು ಹೋಗಿ ಮೊದಲ ದಿನವೇ ಕಣ್ಣು ಕೆಂಪಾಗಿ ಬಿದ್ದುಕೊಳ್ಳೋದಕ್ಕಿಂತ ರೈಲಲ್ಲಿ ಮಲಗಿಕೊಂಡು ಹೋಗೋದು ಎಷ್ಟೋ ವಾಸಿ. ರಜೆ ರೈಲಲ್ಲೇ ಶುರುವಾಗುತ್ತೆ.

ಕ್ಯಾಲೆಂಡರ್ ಪಕ್ಕಕ್ಕಿಡಿ, ಪಂಚಾಂಗ ತೆಗೀರಿ

ನಾವೆಲ್ಲ ರಜೆ ಪ್ಲಾನ್ ಮಾಡೋದು ಹೇಗೆ? ಲಾಂಗ್ ವೀಕೆಂಡ್ ಯಾವಾಗ ಅಂತ ನೋಡಿ. ನಕ್ಷತ್ರ ನೋಡಬೇಕು ಅಂದ್ರೆ ಚಂದ್ರ ಯಾವಾಗ ಇರಲ್ಲ ಅಂತ ನೋಡಬೇಕು. ಹುಣ್ಣಿಮೆ ರಾತ್ರಿ ಸಮುದ್ರ ಚೆಂದ, ಆದರೆ ಕ್ಷೀರಪಥ ಕಾಣಲ್ಲ. ಚಂದ್ರನ ಬೆಳಕೇ ಅದನ್ನು ನುಂಗಿಬಿಡುತ್ತೆ.

"ಅಮಾವಾಸ್ಯೆಗೆ ಹೋಗಿ" ಅಂತ ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳ್ತಾರೆ. ಸರಿಯಾದ ಮಾತೇ. ಆದರೆ ಅಮಾವಾಸ್ಯೆಗೆ ಮುಂಚಿನ ವಾರ ಹೋಗಬೇಕಾ, ನಂತರದ ವಾರ ಹೋಗಬೇಕಾ? ಅದು ನಿಮ್ಮ ಫೋಟೊ ಸಂಜೆಯದ್ದೋ, ಬೆಳಗಿನ ಜಾವದ್ದೋ ಅನ್ನೋದರ ಮೇಲೆ ನಿಂತಿದೆ.

ಲೆಕ್ಕ ಸುಲಭ. ಕೃಷ್ಣ ಪಕ್ಷದಲ್ಲಿ ಚಂದ್ರ ದಿನಾ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಅಷ್ಟಮಿ ಹೊತ್ತಿಗೆ ಹುಟ್ಟೋದೇ ನಡುರಾತ್ರಿ. ಹಾಗಾಗಿ ಅಮಾವಾಸ್ಯೆಗೆ ಮುಂಚಿನ ವಾರದಲ್ಲಿ ಸಂಜೆಯ ಆಕಾಶ ಕತ್ತಲೆ. ಶುಕ್ಲ ಪಕ್ಷದಲ್ಲಿ ಉಲ್ಟಾ. ಸಂಜೆ ಚಂದ್ರ ಇರ್ತಾನೆ, ಅಷ್ಟಮಿಯವರೆಗೂ ನಡುರಾತ್ರಿ ಹೊತ್ತಿಗೆ ಮುಳುಗಿಬಿಡ್ತಾನೆ. ಆಗ ಬೆಳಗಿನ ಜಾವ ಕತ್ತಲೆ. ಅಜ್ಜಿ ಮನೆ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ಬರೆದಿರುತ್ತಲ್ಲ, ಅದೇ ಸಾಕು. ಆ್ಯಪ್ ಕೂಡ ಬೇಡ.

ಇನ್ನು ಯಾವ ತಿಂಗಳು? ಕ್ಷೀರಪಥದ ಅತಿ ದಟ್ಟವಾದ ಭಾಗ ಇರೋದು ಧನು ಮತ್ತು ವೃಶ್ಚಿಕ ರಾಶಿಗಳ ಕಡೆ. ಅದು ಮಾರ್ಚ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಆಗ್ನೇಯದಲ್ಲಿ ಹುಟ್ಟುತ್ತೆ. ಅಂದ್ರೆ ನೆಲದ ಕಡೆ, ಊರಿನ ಬೆಳಕಿನ ಕಡೆ. ಮೇ ತಿಂಗಳಲ್ಲಿ ಬೆಳಗಿನ ಜಾವಕ್ಕೆ ದಕ್ಷಿಣ ದಾಟಿ ಸಮುದ್ರದ ಕಡೆ ವಾಲುತ್ತೆ, ಆದರೆ ಆಗ ಸೆಕೆ, ಗಾಳಿಯಲ್ಲಿ ತೇವ, ಆಕಾಶ ಮಸುಕು. ಜೂನ್‌ನಿಂದ ಸೆಪ್ಟೆಂಬರ್ ರಾತ್ರಿಯ ಮುಖ್ಯ ಹೊತ್ತಲ್ಲೇ ಮೇಲಿರುತ್ತೆ, ಆದರೆ ನಮ್ಮಲ್ಲಿ ಮಳೆ. ಹೊರಗೆ ಕಾಲಿಡೋಕೂ ಆಗಲ್ಲ.

ಉಳಿದದ್ದು ಅಕ್ಟೋಬರ್ ಮತ್ತು ನವೆಂಬರ್ ಮೊದಲ ವಾರ. ನಮ್ಮ ಕರಾವಳಿಗೆ ಇದೇ ಬೆಸ್ಟ್. ಮಳೆ ಆಕಾಶವನ್ನು ತೊಳೆದು ಹೋಗಿರುತ್ತೆ. ಅಕ್ಟೋಬರ್ ಕೊನೆಗೆ ಗೋಕರ್ಣದ ಸುತ್ತಮುತ್ತ ಸೂರ್ಯ ಮುಳುಗಿ ಪೂರ್ತಿ ಕತ್ತಲಾಗೋದು ಸುಮಾರು ಏಳೂವರೆಗೆ. ಆಗ ಕ್ಷೀರಪಥ ನೇರ ನೈಋತ್ಯದಲ್ಲಿ, ಅಂದ್ರೆ ಸಮುದ್ರದ ಮೇಲೆ, ವಾಲಿಕೊಂಡು ನಿಂತಿರುತ್ತೆ. ಒಂಬತ್ತರವರೆಗೂ ಸಮಯ ಇದೆ. ಆಮೇಲೆ ದಿಗಂತದ ಮಬ್ಬಿಗೆ ಇಳಿದು ನಿಧಾನಕ್ಕೆ ನೀರಿಗೆ ಸೇರಿಕೊಳ್ಳುತ್ತೆ. ಗಮನಿಸಿ, ಇದಕ್ಕೆ ಬೆಳಗಿನ ಮೂರು ಗಂಟೆಗೆ ಅಲಾರಂ ಇಡೋ ಅಗತ್ಯವೇ ಇಲ್ಲ. ಫೋಟೊ ತೆಗೆದು, ಊಟ ಮಾಡಿ, ಹತ್ತಕ್ಕೆ ಮಲಗಬಹುದು.

ದೀಪಾವಳಿ ಅಕ್ಟೋಬರ್‌ನಲ್ಲಿ ಬಿದ್ದರೆ ಆ ಅಮಾವಾಸ್ಯೆಗೆ ಮುಂಚಿನ ವಾರ ಹೋಗಿ, ಪಟಾಕಿ ಹೊಗೆ ಶುರುವಾಗೋ ಮೊದಲು. ದೀಪಾವಳಿ ನವೆಂಬರ್‌ಗೆ ಹೋದರೆ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನಗಳು ವಾಸಿ. ಒಂದು ತಮಾಷೆ ಹೇಳ್ಲಾ? ಮಹಾಶಿವರಾತ್ರಿ ಅಂದ್ರೆ ಅಮಾವಾಸ್ಯೆಯ ಹಿಂದಿನ ದಿನ, ಚಂದ್ರ ಇಲ್ಲದ ರಾತ್ರಿ. ಆದರೆ ಗೋಕರ್ಣ ಅವತ್ತು ಜನ, ದೀಪ, ರಥೋತ್ಸವದ ತಯಾರಿಯಿಂದ ಗಿಜಿಗುಡ್ತಿರುತ್ತೆ. ಆಕಾಶ ಕತ್ತಲೆ, ಊರು ಪೂರ್ತಿ ಬೆಳಕು. ಅವತ್ತು ದೇವರ ದರ್ಶನಕ್ಕೆ ಹೋಗಿ, ನಕ್ಷತ್ರಕ್ಕೆ ಬೇಡ.

ಡಿಸೆಂಬರ್, ಜನವರಿಯಲ್ಲೇ ರಜೆ ಸಿಗೋದು ಅನ್ನೋರು ಬೇಜಾರಾಗಬೇಡಿ. ಆಗ ಕ್ಷೀರಪಥದ ದಟ್ಟ ಭಾಗ ಇರಲ್ಲ, ಆದರೆ ಆಕಾಶ ಒಣಗಿ ಶುಭ್ರವಾಗಿರುತ್ತೆ. ಕೃತ್ತಿಕೆ, ಮಹಾವ್ಯಾಧ, ಲುಬ್ಧಕ ಎಲ್ಲ ಮೇಲಿರುತ್ತವೆ. ದಕ್ಷಿಣಕ್ಕೆ ತಗ್ಗಿನಲ್ಲಿ ಅಗಸ್ತ್ಯ ನಕ್ಷತ್ರ. ಲುಬ್ಧಕ ಬಿಟ್ಟರೆ ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಅದೇ. ಯುರೋಪಿನ ಬಹುತೇಕ ಕಡೆಯವರಿಗೆ ಅದು ಕಾಣೋದೇ ಇಲ್ಲ, ನಮಗೆ ಆರಾಮಾಗಿ ಕಾಣುತ್ತೆ. ಡಿಸೆಂಬರ್ 13, 14ರ ಆಸುಪಾಸು ಜೆಮಿನಿಡ್ ಉಲ್ಕಾಪಾತವೂ ಇರುತ್ತೆ.

ನಾಲ್ಕು ರಾತ್ರಿ ಯಾಕೆ?

ಎರಡು ರಾತ್ರಿಯ ಟ್ರಿಪ್‌ನಲ್ಲಿ ಮೋಡ ಬಂದ್ರೆ ಕಥೆ ಮುಗೀತು. ಅಕ್ಟೋಬರ್‌ನಲ್ಲಿ ಕರಾವಳಿಯಲ್ಲಿ ಸಂಜೆ ಗುಡುಗು ಮಳೆ ಬರೋದು ಮಾಮೂಲು. ಎರಡೇ ರಾತ್ರಿ ಇಟ್ಟುಕೊಂಡವನು ಆಕಾಶ ನೋಡ್ತಾ ಟೆನ್ಷನ್ ಮಾಡ್ಕೋತಾನೆ. ಆಮೇಲೆ ಅದು ರಜೆ ಅಲ್ಲ, ಡೆಡ್‌ಲೈನ್. ನಾಲ್ಕು ರಾತ್ರಿ ಇದ್ದರೆ ಎರಡು ಮೋಡಕ್ಕೆ ಹೋದರೂ ಎರಡು ಉಳಿಯುತ್ತೆ. ಮೋಡ ಬಂದ ರಾತ್ರಿ ಬೇಗ ಮಲಗೋದು. ಮಳೆ ಹೆಂಚಿನ ಮೇಲೆ ಬೀಳೋ ಸದ್ದು ಕೇಳ್ತಾ ಮಲಗೋಕೆ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಹೇಳಿ?

ದುಡ್ಡಿನ ಲೆಕ್ಕವನ್ನೂ ಹೇಳಿಬಿಡ್ತೀನಿ, ಬಿಕಾಂ ಓದಿದವನ ಅಭ್ಯಾಸ ಹೋಗಲ್ಲ. ವೀಕೆಂಡ್ ರೇಟಲ್ಲಿ ಎರಡು ರಾತ್ರಿ ದುಬಾರಿ ರೆಸಾರ್ಟ್‌ಗೆ ಕೊಡೋ ದುಡ್ಡಲ್ಲಿ ಸೋಮವಾರದಿಂದ ಶುಕ್ರವಾರ ಸಾಧಾರಣ ಹೋಮ್‌ಸ್ಟೇನಲ್ಲಿ ನಾಲ್ಕು ರಾತ್ರಿ ಆರಾಮಾಗಿ ಇರಬಹುದು. ಚಂದ್ರ ವೀಕೆಂಡ್ ನೋಡಿಕೊಂಡು ಬರಲ್ಲ, ಹಾಗಾಗಿ ನಿಮಗೂ ವಾರದ ದಿನಗಳೇ ಬೇಕಾಗೋದು ಜಾಸ್ತಿ.

ಹಗಲಲ್ಲಿ ಏನು ಮಾಡೋದು? ಏನೂ ಮಾಡಬೇಡಿ. ನಿಜವಾಗ್ಲೂ. ಬೆಳಿಗ್ಗೆ ಬಿಸಿಲೇರೋ ಮುಂಚೆ ಬೀಚ್‌ನಲ್ಲಿ ಒಂದು ಸುತ್ತು. ಅವತ್ತು ರಾತ್ರಿ ಎಲ್ಲಿ ನಿಲ್ಲಬೇಕು, ಬಂಡೆ ಎಲ್ಲಿದೆ, ಗಾಳಿ ಮರ ಎಲ್ಲಿದೆ, ಯಾವ ಕಡೆ ಲೈಟ್ ಕಂಬ ಇದೆ ಅಂತ ನೋಡಿಟ್ಕೊಳ್ಳಿ. ಮಧ್ಯಾಹ್ನ ಊಟ. ಮೀನು ತಿನ್ನೋರಿಗೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ತಿನ್ನದವರಿಗೆ ತಂಬುಳಿ. ಮಾವಿನ ಸೀಸನ್‌ನಲ್ಲಿ ಹೋದರೆ ಅಪ್ಪೆಹುಳಿ ಕೇಳಿ. ಉತ್ತರ ಕನ್ನಡದವರು ಅದನ್ನು ಕುಡಿದರೆ ನಿದ್ದೆ ತಡೆಯೋಕಾಗಲ್ಲ ಅಂತಾರೆ. ಆಮೇಲೆ ಎರಡು ಗಂಟೆ ನಿದ್ದೆ. ಗಿಲ್ಟ್ ಬೇಡ, ರಾತ್ರಿ ಡ್ಯೂಟಿ ಇದೆ ಅಂದ್ಕೊಳ್ಳಿ.

ಸ್ಕೂಟಿ ಬಾಡಿಗೆಗೆ ತಗೊಂಡು ಒಂದೇ ದಿನ ಮುರುಡೇಶ್ವರ, ಅಪ್ಸರಕೊಂಡ, ಮಿರ್ಜಾನ್ ಕೋಟೆ, ಯಾಣ ಎಲ್ಲ ಮುಗಿಸೋ ಪ್ಲಾನ್ ಇದ್ದರೆ ಅದು ಬೇರೆ ಟ್ರಿಪ್. ಅದಕ್ಕೆ ಬೇರೆ ರಜೆ ಹಾಕಿ.

ಫೋನ್ ಸಾಕು

ಈಗ ಟೆಕ್ನಿಕಲ್ ಭಾಗ. ಮೊದಲನೇ ಮಾತು: ಇದಕ್ಕೋಸ್ಕರ ಇಎಂಐ ಮೇಲೆ ಕ್ಯಾಮೆರಾ ತಗೋಬೇಡಿ. ಗೂಗಲ್ 2019ರಲ್ಲಿ ಪಿಕ್ಸೆಲ್ 4 ಜೊತೆ ನಕ್ಷತ್ರಗಳ ಫೋಟೊಗೇ ಅಂತ ಒಂದು ಮೋಡ್ ತಂದಿತು. ಐಫೋನ್‌ನ ನೈಟ್ ಮೋಡ್ ಟ್ರೈಪಾಡ್ ಮೇಲಿದ್ದರೆ 30 ಸೆಕೆಂಡ್‌ವರೆಗೂ ಹೋಗುತ್ತೆ. ಸ್ಯಾಮ್‌ಸಂಗ್‌ನ ದೊಡ್ಡ ಫೋನ್‌ಗಳಲ್ಲಿ ಎಕ್ಸ್‌ಪರ್ಟ್ ರಾ ಆ್ಯಪ್ ಒಳಗೆ ಆಸ್ಟ್ರೋಫೋಟೊ ಇದೆ. ಸಾಧಾರಣ ಆಂಡ್ರಾಯ್ಡ್ ಫೋನ್‌ಗಳಲ್ಲೂ ಸಾಮಾನ್ಯವಾಗಿ ಪ್ರೊ ಮೋಡ್ ಇರುತ್ತೆ.

ಖರ್ಚು ಮಾಡಲೇಬೇಕಾದ ವಸ್ತು ಒಂದೇ, ಗಟ್ಟಿಯಾದ ಸಣ್ಣ ಟ್ರೈಪಾಡ್. ಮರಳಿನಲ್ಲಿ ಅದರ ಕಾಲುಗಳನ್ನು ಚೆನ್ನಾಗಿ ಒತ್ತಿ ಹೂಳಬೇಕು, ಇಲ್ಲಾಂದ್ರೆ ಗಾಳಿಗೆ ನಡುಗುತ್ತೆ.

ಪ್ರೊ ಮೋಡ್‌ಗೆ ನನ್ನ ಶುರುವಿನ ಸೆಟ್ಟಿಂಗ್ ಹೀಗೆ. ಮುಖ್ಯ ಲೆನ್ಸ್ ಮಾತ್ರ ಬಳಸಿ, ಝೂಮ್ ಬೇಡ. ಫೋಕಸ್ ಮ್ಯಾನ್ಯುಯಲ್‌ಗೆ ಹಾಕಿ ಅನಂತಕ್ಕೆ, ಅಂದ್ರೆ ಗುಡ್ಡದ ಚಿಹ್ನೆಗೆ ತಳ್ಳಿ. ಐಎಸ್ಒ 1600. ಶಟರ್ 15 ಸೆಕೆಂಡ್. ವೈಟ್ ಬ್ಯಾಲೆನ್ಸ್ 4000 ಸುತ್ತಮುತ್ತ. ರಾ ಫೈಲ್ ಆನ್. ಟೈಮರ್ 3 ಅಥವಾ 5 ಸೆಕೆಂಡ್, ಯಾಕಂದ್ರೆ ಬಟನ್ ಒತ್ತಿದಾಗ ಫೋನ್ ಅಲುಗಾಡುತ್ತೆ. ಫ್ಲ್ಯಾಶ್ ಆಫ್.

15 ಸೆಕೆಂಡೇ ಯಾಕೆ? ಭೂಮಿ ತಿರುಗ್ತಾ ಇದೆ, ಗಂಟೆಗೆ 15 ಡಿಗ್ರಿ. ತುಂಬಾ ಹೊತ್ತು ಶಟರ್ ತೆರೆದಿಟ್ರೆ ನಕ್ಷತ್ರ ಚುಕ್ಕಿಯ ಬದಲು ಗೆರೆ ಆಗುತ್ತೆ. ಫೋಟೊಗ್ರಾಫರ್‌ಗಳಲ್ಲಿ ಒಂದು ಹಳೇ ಲೆಕ್ಕ ಇದೆ. 500ನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ ಭಾಗಿಸಿ, ಅಷ್ಟು ಸೆಕೆಂಡು ಸೇಫ್. ಫೋನ್‌ನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ದೊಡ್ಡ ಕ್ಯಾಮೆರಾದ 24 ಎಂಎಂಗೆ ಸಮ. 500 ಭಾಗಿಸು 24, ಸುಮಾರು 20. ಸ್ವಲ್ಪ ಕಡಿಮೆ ಇಟ್ಟುಕೊಂಡ್ರೆ ಇನ್ನೂ ಚೊಕ್ಕ. ಅದಕ್ಕೇ 15.

ಕರಾವಳಿಗೆ ಮಾತ್ರ ಇರೋ ಎರಡು ತೊಂದರೆ. ಒಂದು, ಎಸಿ ರೂಮಿಂದ ಫೋನ್ ಹೊರಗೆ ತಂದ ತಕ್ಷಣ ಲೆನ್ಸ್ ಮೇಲೆ ಮಂಜು ಕೂರುತ್ತೆ. ಅರ್ಧ ಗಂಟೆ ಮುಂಚೆಯೇ ಬ್ಯಾಗ್ ಸಮೇತ ಜಗಲಿಯಲ್ಲಿ ಇಡಿ. ಎರಡು, ಉಪ್ಪು ಗಾಳಿ. ಪ್ರತಿ ನಾಲ್ಕೈದು ಫೋಟೊಗೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಲೆನ್ಸ್ ಒರೆಸಿ. ಅಂಗಿ ತುದಿಯಲ್ಲಿ ಬೇಡ, ಮರಳಿದ್ದರೆ ಗೀರು ಬೀಳುತ್ತೆ.

ಇನ್ನೊಂದು ಮಾತು, ನಿರಾಸೆ ಆಗಬಾರದು ಅಂತ ಮೊದಲೇ ಹೇಳ್ತೀನಿ. ಇನ್‌ಸ್ಟಾಗ್ರಾಂನಲ್ಲಿ ನೋಡೋ ನೇರಳೆ, ಗುಲಾಬಿ ಬಣ್ಣದ ಕ್ಷೀರಪಥ ಬರಿಗಣ್ಣಿಗೆ ಹಾಗೆ ಕಾಣಲ್ಲ. ಮಂದ ಬೆಳಕಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲ್ಲ. ಬೂದು ಬಣ್ಣದ ತೆಳು ಮೋಡದ ಪಟ್ಟಿ ಥರ ಕಾಣುತ್ತೆ. ಮೋಡ ಅಂದ್ಕೊಂಡವರು ಐದು ನಿಮಿಷ ನೋಡಿ, ಅದು ಅಲ್ಲೇ ಇದ್ದರೆ ಅದು ಮೋಡ ಅಲ್ಲ. ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಮಧ್ಯದಲ್ಲಿ ಒಂದ್ಸಲ ವಾಟ್ಸ್‌ಆ್ಯಪ್ ತೆಗೆದ್ರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ಫೋಟೊ ತೆಗೆಯೋ ಫೋನ್ ಫ್ಲೈಟ್ ಮೋಡ್‌ಗೆ, ಬ್ರೈಟ್‌ನೆಸ್ ಪೂರ್ತಿ ಕೆಳಗೆ. ಟಾರ್ಚ್‌ಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ. ಕೆಂಪು ಬೆಳಕು ಕಣ್ಣಿನ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸಲ್ಲ.

ಈ ಅರ್ಧ ಗಂಟೆ ಇದೆಯಲ್ಲ, ಫೋನ್ ನೋಡದೆ ಮರಳ ಮೇಲೆ ಸುಮ್ಮನೆ ಕೂರೋದು, ಇಡೀ ಟ್ರಿಪ್‌ನಲ್ಲಿ ನಿಜವಾದ ರೆಸ್ಟ್ ಅದೇ. ಫೋಟೊ ಒಂದು ನೆಪ.

ಕಡಲಿಗೆ ಬೆನ್ನು ಹಾಕಬೇಡಿ

ಇದು ಸೀರಿಯಸ್ ವಿಷಯ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಟ್ಟಾಗಿ ಉಬ್ಬರ ಜಾಸ್ತಿ ಇರುತ್ತೆ. ಅಂದ್ರೆ ನಕ್ಷತ್ರಕ್ಕೆ ಒಳ್ಳೆಯದಾದ ದಿನಗಳಲ್ಲೇ ನೀರು ಹೆಚ್ಚು ಮೇಲೆ ಬರೋದು. ಸಂಜೆ ಒಣಗಿದ್ದ ಜಾಗಕ್ಕೆ ರಾತ್ರಿ ಅಲೆ ಬರಬಹುದು. ಆ ದಿನದ ಉಬ್ಬರ-ಇಳಿತದ ಸಮಯ ಮೊದಲೇ ನೋಡಿಕೊಳ್ಳಿ. ಅಥವಾ ಅಲ್ಲಿನ ಮೀನುಗಾರರನ್ನು ಕೇಳಿ, ಅವರು ಗಡಿಯಾರ ನೋಡದೇ ಹೇಳ್ತಾರೆ.

ಟ್ರೈಪಾಡ್ ಇಡೋದು ಯಾವಾಗ್ಲೂ ಒಣ ಮರಳಿನ ಮೇಲೆ, ಕಸ-ಕಡ್ಡಿ ಬಂದು ನಿಂತಿರೋ ಗೆರೆಗಿಂತ ಮೇಲಕ್ಕೆ. ಆ ಗೆರೆಯೇ ಹಿಂದಿನ ಉಬ್ಬರದ ಗುರುತು. ಅಲೆ ಬಡಿಯೋ ಬಂಡೆ ಮೇಲೆ ರಾತ್ರಿ ಹತ್ತಬೇಡಿ. ಕತ್ತಲಲ್ಲಿ ನೀರಿಗೆ ಇಳಿಯೋದು, ಮೊಣಕಾಲು ಮಟ್ಟಕ್ಕೂ ಬೇಡ. ಗೋಕರ್ಣದ ಗುಡ್ಡದ ಅಂಚಿನ ಕಾಲುದಾರಿಗಳು ಹಗಲಿಗೆ ಸರಿ, ರಾತ್ರಿಗೆ ಅಲ್ಲ. ಒಬ್ಬರೇ ಹೋಗಬೇಡಿ, ಮನೆಯವರಿಗೆ ಯಾವ ಜಾಗ ಅಂತ ಹೇಳಿ ಹೋಗಿ. ಉಳಿದುಕೊಂಡ ಮನೆಯಿಂದ ಐದು ನಿಮಿಷ ನಡೆದು ಹೋಗೋಷ್ಟು ದೂರದ ಬೀಚೇ ಒಳ್ಳೇ ಬೀಚ್. ಕಾರವಾರದ ಕಡೆ ಹೋದವರು ನೌಕಾನೆಲೆ ಇರೋ ದಿಕ್ಕಿಗೆ ಕ್ಯಾಮೆರಾ ತಿರುಗಿಸಬೇಡಿ.

ಈ ಕತ್ತಲೆ ನಮ್ಮದು ಮಾತ್ರ ಅಲ್ಲ

ಈಗ ನಾನು ಈ ಎಪಿಸೋಡ್ ಮಾಡೋಕೆ ಕಾರಣವಾದ ವಿಷಯ.

ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ದೇವಬಾಗ. ಈ ತೀರಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ. ಚಳಿಗಾಲದಿಂದ ಬೇಸಿಗೆ ಶುರುವಾಗೋವರೆಗಿನ ಕಾಲ ಅದು. ಸುಮಾರು ಒಂದೂವರೆ, ಎರಡು ತಿಂಗಳ ಮೇಲೆ ಮರಿಗಳು ಹೊರಗೆ ಬರುತ್ತವೆ. ಸಮುದ್ರ ಯಾವ ಕಡೆ ಅಂತ ಅವಕ್ಕೆ ಯಾರು ಹೇಳಿಕೊಡ್ತಾರೆ? ಬೆಳಕು. ಕತ್ತಲೆ ತೀರದಲ್ಲಿ ಗಿಡಮರಗಳ ಕಡೆಗಿಂತ ನೀರಿನ ಮೇಲಿನ ದಿಗಂತ ಸ್ವಲ್ಪ ಬೆಳ್ಳಗಿರುತ್ತೆ, ಮರಿಗಳು ಆ ಕಡೆಗೆ ಓಡುತ್ತವೆ. ಹಿಂದೆ ರೆಸಾರ್ಟ್‌ನ ಫೋಕಸ್ ಲೈಟ್ ಇದ್ದರೆ ನೀರು ಬಿಟ್ಟು ಆ ಲೈಟಿನ ಕಡೆ ಹೋಗ್ತವೆ. ಅಲ್ಲಿ ನಾಯಿ, ರಸ್ತೆ, ಬೆಳಗಾದರೆ ಬಿಸಿಲು, ಕಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿ ಈ ಆಮೆ ಇದೆ, ಹುಲಿ ಇರೋ ಅದೇ ಪಟ್ಟಿ. ಗೂಡುಗಳಿಗೆ ಬೇಲಿ ಹಾಕಿ ಕಾಯೋ ಕೆಲಸದಲ್ಲಿ ಅರಣ್ಯ ಇಲಾಖೆಯ ಜೊತೆ ಅಲ್ಲಿನ ಮೀನುಗಾರರೂ ಇದ್ದಾರೆ. ನಿಮ್ಮ ಟ್ರಿಪ್ ಆ ಸಮಯದಲ್ಲಿದ್ದು, ರಾತ್ರಿ ಆಮೆ ಕಂಡರೆ ಲೈಟ್ ಆಫ್ ಮಾಡಿ, ಫ್ಲ್ಯಾಶ್ ಹಾಕದೆ, ದೂರ ನಿಲ್ಲಿ. ರೀಲ್ಸ್ ಮಾಡೋದು ಬೇಡ.

ಮೀನುಗಾರರ ವಿಷಯ ಬಂತಲ್ಲ. ನೀವು ಫೋಟೊ ತೆಗೆಯುವಾಗ ದಿಗಂತದಲ್ಲಿ ಬೋಟುಗಳ ಬೆಳಕು ಸಾಲಾಗಿ ಕಾಣಬಹುದು. ಮಾಮೂಲಿ ದೀಪವಾದರೆ ಸರಿ. ಕೆಲವೊಮ್ಮೆ ಕಣ್ಣು ಕೋರೈಸೋ ಹಾಗೆ ಇರುತ್ತೆ. ಪ್ರಬಲ ಎಲ್ಇಡಿ ಹಾಕಿ ಮೀನುಗಳನ್ನು ಬೆಳಕಿಗೆ ಸೆಳೆದು ಬಲೆ ಬೀಸೋದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಮರಿಮೀನುಗಳೂ ಸೇರಿ ಎಲ್ಲ ಒಟ್ಟಿಗೆ ಬಲೆಗೆ ಬೀಳೋದರಿಂದ ನಾಡದೋಣಿಯವರಿಗೆ ಮೀನೇ ಉಳಿಯಲ್ಲ ಅನ್ನೋದು ದೂರು. ನಿಷೇಧ ಬಂದ ಮೇಲೂ ಆ ಜಗಳ ಕರಾವಳಿಯಲ್ಲಿ ಮುಗಿದಿಲ್ಲ. ಅಂದ್ರೆ ಕತ್ತಲೆ ಅಲ್ಲಿ ಕೆಲವರಿಗೆ ಹೊಟ್ಟೆಪಾಡು.

ಕುಮಟಾ ಹತ್ತಿರದ ಒಂದು ಮನೆಯಲ್ಲಿ ಉಳಿದುಕೊಂಡಿದ್ದಾಗ ಅಂಗಳದಲ್ಲಿ ಒಂದು ದೊಡ್ಡ ಬಿಳಿ ಫೋಕಸ್ ಲೈಟ್ ಇತ್ತು, ನೇರ ಬೀಚ್‌ಗೆ ಮುಖ ಮಾಡಿ. ಮನೆ ನಡೆಸೋ ಹೆಂಗಸನ್ನು ಕೇಳಿದೆ, "ಅಕ್ಕಾ, ಇದು ರಾತ್ರಿಯಿಡೀ ಉರಿಯುತ್ತಾ?"

"ಎಂತ ಮಾಡೂದು ತಮ್ಮಾ? ಲೈಟ್ ಇಲ್ದೇ ಇದ್ರೆ ಬಂದವ್ರಿಗೆ ಹೆದ್ರಿಕೆ ಆಗ್ತದೆ. ಬೀಚ್ ಕಾಣೂದಿಲ್ಲ ಅಂತ ರಿವ್ಯೂನಲ್ಲಿ ಬರೀತಾರೆ. ನಮ್ಗೆ ನಿದ್ರೆಗೆ ಕಷ್ಟವೇ, ಕರೆಂಟ್ ಬಿಲ್ಲೂ ನಮ್ದೇ."

"ನಾವಿರೋ ನಾಲ್ಕು ದಿನ ಆಫ್ ಮಾಡಬಹುದಾ?"

"ನೀವೇ ಬೇಡ ಅಂದ್ರೆ ನಂಗೆ ಎಂತಕ್ಕೆ?" ಅಂತ ನಕ್ಕು ಸ್ವಿಚ್ ಆಫ್ ಮಾಡಿಬಿಟ್ರು.

ಅಷ್ಟೇ ಆಗಿದ್ದು. ಮೀಟಿಂಗ್ ಇಲ್ಲ, ಹೋರಾಟ ಇಲ್ಲ. ಆ ಲೈಟ್ ಅಲ್ಲಿ ಇದ್ದದ್ದು ಅವರಿಗೆ ಬೇಕು ಅಂತ ಅಲ್ಲ, ನಮ್ಮಂಥ ಗಿರಾಕಿಗಳಿಗೆ ಬೇಕು ಅಂತ ಅವರು ಅಂದುಕೊಂಡಿದ್ದರಿಂದ. ಕರಾವಳಿಯ ಎಷ್ಟು ಅಂಗಳಗಳಲ್ಲಿ ಇಂಥ ಲೈಟ್ ನಮ್ಮ ಹೆಸರಲ್ಲಿ ಉರೀತಿದೆಯೋ ಯೋಚನೆ ಮಾಡಿ.

ಕತ್ತಲೆಗೂ ಗಿರಾಕಿ ಬೇಕು

ಲಡಾಖ್‌ನ ಹಾನ್ಲೆ ಬಗ್ಗೆ ಕೇಳಿರಬಹುದು. ಅಲ್ಲಿನ ದೂರದರ್ಶಕಗಳನ್ನು ನಡೆಸೋದು ನಮ್ಮ ಕೋರಮಂಗಲದಲ್ಲಿರೋ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಅಲ್ಲಿನ ಹಳ್ಳಿಯವರಿಗೆ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ಆಕಾಶ ತೋರಿಸೋ ಕೆಲಸ ಒಪ್ಪಿಸಿದ್ದಾರೆ. ಮನೆಗಳಲ್ಲಿ ರಾತ್ರಿ ಪರದೆ ಎಳೀತಾರೆ, ಹೊರಗಿನ ದೀಪಕ್ಕೆ ಮೇಲೆ ಮುಚ್ಚಳ. ಯಾಕೆ ಅಷ್ಟು ಶ್ರದ್ಧೆ? ಕತ್ತಲೆಯಿಂದ ಅವರಿಗೆ ಆದಾಯ ಇದೆ. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಕತ್ತಲೆ ಆಕಾಶಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಪಡೀತು.

ಕರಾವಳಿಗೆ ಹಾನ್ಲೆಯಂಥ ಒಣ ಹವೆ ಇಲ್ಲ, ಅಷ್ಟು ಎತ್ತರ ಇಲ್ಲ, ಜನವಸತಿಯೂ ಜಾಸ್ತಿ. ಅದೇ ಥರ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಮೀನು ಇಳಿಸೋ ಬಂದರಿಗೆ ಬೆಳಕು ಬೇಕು, ಹೆಣ್ಣುಮಕ್ಕಳು ಓಡಾಡೋ ರಸ್ತೆಗೆ ಬೆಳಕು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದೀಪಗಳ ಬೆಳಕು ನೆಲಕ್ಕೆ ಬಿದ್ದರೆ ಸಾಕು, ಸಮುದ್ರಕ್ಕೂ ಆಕಾಶಕ್ಕೂ ಬೀಳೋ ಅಗತ್ಯ ಇಲ್ಲ. ಖಾಲಿ ಬೀಚ್‌ಗೆ ರಾತ್ರಿ ಎರಡು ಗಂಟೆಗೆ ಫೋಕಸ್ ಲೈಟ್ ಯಾರಿಗೆ ಬೇಕು?

ನಾನು ಓದಿದ್ದು ಕಾಮರ್ಸ್, ಹಾಗಾಗಿ ಇದನ್ನು ಡಿಮ್ಯಾಂಡ್ ಮತ್ತು ಸಪ್ಲೈ ಅಂತಲೇ ನೋಡ್ತೀನಿ. ಬುಕಿಂಗ್ ಮಾಡುವಾಗ ನಾವು ಎಸಿ ಇದೆಯಾ, ವೈಫೈ ಇದೆಯಾ, ಪಾರ್ಕಿಂಗ್ ಇದೆಯಾ ಅಂತ ಕೇಳ್ತೀವಿ. ಅದಕ್ಕೇ ಎಲ್ಲರೂ ಅವನ್ನು ಇಟ್ಟಿದ್ದಾರೆ. ಕತ್ತಲೆ ಇದೆಯಾ ಅಂತ ಯಾರೂ ಕೇಳಲ್ಲ, ಹಾಗಾಗಿ ಅದಕ್ಕೆ ಬೆಲೆ ಇಲ್ಲ. ಬೆಲೆ ಇಲ್ಲದ್ದನ್ನು ಯಾರೂ ಉಳಿಸಲ್ಲ.

ಆರಂಭದಲ್ಲಿ ಹೇಳಿದ ಸಣ್ಣ ಕೆಲಸ ಇದೇ. ಮುಂದಿನ ಸಲ ಕರಾವಳಿಯಲ್ಲಿ ರೂಮ್ ಬುಕ್ ಮಾಡೋಕೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಸೇರಿಸಿ: "ರಾತ್ರಿ ಹತ್ತು ಗಂಟೆ ಮೇಲೆ ಬೀಚ್ ಕಡೆಯ ಲೈಟ್ ಆಫ್ ಮಾಡ್ತೀರಾ?" ಆಫ್ ಮಾಡಿದ್ರೆ ವಾಪಸ್ ಬಂದ ಮೇಲೆ ರಿವ್ಯೂನಲ್ಲಿ ಒಂದು ಸಾಲು ಬರೀರಿ, ರಾತ್ರಿ ಕತ್ತಲಾಗಿತ್ತು, ನಕ್ಷತ್ರ ಕಾಣ್ತು, ಚೆನ್ನಾಗಿ ನಿದ್ದೆ ಬಂತು ಅಂತ. ಕನ್ನಡದಲ್ಲೇ ಬರೀರಿ. ಹತ್ತು ಜನ ಹಾಗೆ ಬರೆದರೆ ಹನ್ನೊಂದನೇ ಮನೆಯವರು ತಾವಾಗೇ ಸ್ವಿಚ್ ಹುಡುಕ್ತಾರೆ.

ಇನ್ನು ಫೋಟೊ. ನಾಲ್ಕು ರಾತ್ರಿಗೆ ಒಂದು ಒಳ್ಳೇ ಫೋಟೊ ಸಿಕ್ಕರೆ ಟ್ರಿಪ್ ಗೆದ್ದ ಹಾಗೆ. ಎಐ ಹಾಕಿ ಆಕಾಶ ಬದಲಾಯಿಸಬೇಡಿ, ಸ್ವಲ್ಪ ನಾಯ್ಸ್ ಇದ್ದರೆ ಇರಲಿ. ಅದು ನೀವು ನಿಜವಾಗಿ ನಿಂತು ನೋಡಿದ ಆಕಾಶ. ಆಮೆ ಗೂಡು ಇರೋ ಜಾಗ ಆಗಿದ್ದರೆ ಮಾತ್ರ ಲೊಕೇಷನ್ ಟ್ಯಾಗ್ ಹಾಕಬೇಡಿ.

ಈ ಸೀಸನ್‌ನಲ್ಲಿ ಹೋಗಿ ಬಂದವರು ನಿಮ್ಮ ಫೋಟೊ ಜೊತೆ ತಿಥಿ, ಸಮಯ, ಸೆಟ್ಟಿಂಗ್ ಮೂರನ್ನೂ ಬರೆದು ಕಳಿಸಿ. ಲೈಟ್ ಆಫ್ ಮಾಡಿ ಅಂತ ಕೇಳಿದಾಗ ಮನೆಯವರು ಏನಂದ್ರು ಅನ್ನೋದನ್ನೂ ಬರೀರಿ, ನನಗೆ ಫೋಟೊಗಿಂತ ಆ ಉತ್ತರಗಳ ಮೇಲೇ ಜಾಸ್ತಿ ಕುತೂಹಲ. ಅವನ್ನೆಲ್ಲ ಸೇರಿಸಿ ಒಂದು ಎಪಿಸೋಡ್ ಮಾಡೋಣ.

ಮಲಗಿಕೊಂಡು ಕೇಳ್ತಿದ್ದವರೇ, ಈಗ ಫೋನ್ ಪಕ್ಕಕ್ಕಿಡಿ. ಶುಭರಾತ್ರಿ.